ಸುಗ್ಗಿಯಲ್ಲೊಂದು ಬುದ್ಧಿ, ಬಿತ್ತನೆಯಲ್ಲೊಂದು ಬುದ್ಧಿ

(ಸಿಂಧನೂರು ತಾಲೂಕಿನ ದಢೇಸುಗೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಅರ್ಥಶಾಸ್ತ್ರವನ್ನು ಕಾಲೇಜಿನ ಕೋಣೆಯಲ್ಲಿ ಹೇಳುವುದು ಸುಲಭ, ದಢೇಸುಗೂರಿನಲ್ಲಿ ಹೇಳುವುದು ಕಷ್ಟ. ಇಲ್ಲಿ ಕೂತವರಲ್ಲಿ ಬಹಳ ಮಂದಿ ನೀರಿದ್ದ ವರ್ಷ ಎರಡು ಸಲ ಲಕ್ಷಗಟ್ಟಲೆ ರೂಪಾಯಿಯನ್ನು ಕೆಸರಿಗೆ ಹಾಕಿ, ನಾಲ್ಕು ತಿಂಗಳು ಆಕಾಶ, ಕಾಲುವೆ, ಮಾರುಕಟ್ಟೆ ಮೂರನ್ನೂ ನೋಡುತ್ತ ಕಾಯುವವರು. ಇಂಥವರಿಗೆ ದುಡ್ಡಿನ ಬಗ್ಗೆ ಬುದ್ಧಿ ಹೇಳಲು ನಾನು ಬಂದಿಲ್ಲ. ಬುದ್ಧಿವಂತನಾದ ಮನುಷ್ಯ ದುಡ್ಡಿನ ವಿಷಯ ಬಂದಾಗ ಯಾಕೆ ಕೆಲವೊಮ್ಮೆ ತನಗೇ ನಷ್ಟವಾಗುವ ದಾರಿ ಹಿಡಿಯುತ್ತಾನೆ ಎಂಬುದನ್ನು ವಿಚಾರ ಮಾಡುವುದು ಇವತ್ತಿನ ಉದ್ದೇಶ.

ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಒಬ್ಬ ಮನುಷ್ಯನಿದ್ದ. ಅವನಿಗೆ ಎಲ್ಲ ಬೆಲೆಗಳೂ ಗೊತ್ತು, ಬಡ್ಡಿ ಲೆಕ್ಕ ಬಾಯಿಪಾಠ. ನೆರೆಯವನ ಮಾತು ಅವನಿಗೆ ತಟ್ಟುವುದಿಲ್ಲ, ಭಯವಿಲ್ಲ, ಆಸೆಯಿಲ್ಲ. ಅಂಥವನನ್ನು ಯಾವ ಸಂತೆಯಲ್ಲೂ ಯಾರೂ ಕಂಡಿಲ್ಲ. ಅವನನ್ನು ಪುಸ್ತಕದಿಂದ ಇಳಿಸಿದವರು ಇಬ್ಬರು ಮನಶ್ಶಾಸ್ತ್ರಜ್ಞರು: ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ. ಮನುಷ್ಯ ಲಾಭವನ್ನೂ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂದು 1979ರಲ್ಲಿ ಅವರು ತೋರಿಸಿಕೊಟ್ಟರು. ಟ್ವೆರ್ಸ್ಕಿ 1996ರಲ್ಲಿ ತೀರಿಕೊಂಡರು. ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದೇ ದಾರಿಯಲ್ಲಿ ಮುಂದೆ ಹೋದ ರಿಚರ್ಡ್ ಥೇಲರ್‌ಗೆ 2017ರಲ್ಲಿ ಬಂತು. ಇವರು ಹೇಳಿದ್ದರಲ್ಲಿ ಎಷ್ಟು ನಮ್ಮ ಭತ್ತದ ನಾಡಿಗೆ ಹೊಂದುತ್ತದೆ ಎಂದು ಒಂದೊಂದಾಗಿ ನೋಡೋಣ.

ಚೀಲದ ಲೆಕ್ಕ, ರೂಪಾಯಿ ಬಡ್ಡಿಯ ಲೆಕ್ಕ

ನಮ್ಮ ಭಾಗದಲ್ಲಿ ಭತ್ತದ ರೇಟು ಕೇಳಿದರೆ ಯಾರೂ ಕ್ವಿಂಟಲ್ ಲೆಕ್ಕ ಹೇಳುವುದಿಲ್ಲ. 75 ಕೆಜಿ ಚೀಲಕ್ಕೆ ಎಷ್ಟು ನಡೆದಿದೆ ಎಂಬುದೇ ಮಾತು. ಸರ್ಕಾರ ಬೆಂಬಲ ಬೆಲೆ ಹೇಳುವುದು ಕ್ವಿಂಟಲ್‌ಗೆ. 2025-26ರ ಸಾಲಿಗೆ ಎ ಗ್ರೇಡ್ ಭತ್ತದ ಬೆಂಬಲ ಬೆಲೆ 2,389 ರೂಪಾಯಿ. ಚೀಲದ ಲೆಕ್ಕಕ್ಕೆ ತಂದರೆ ಸುಮಾರು 1,792. ಗದ್ದೆಯ ಬದುವಿನ ಮೇಲೆ ನಿಂತು ವ್ಯಾಪಾರ ಕುದುರಿಸುವಾಗ ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡುವವರು ಎಷ್ಟು ಜನ? ಲೆಕ್ಕ ಬಾರದೆಂದಲ್ಲ. ಭತ್ತ ಕೊಯ್ಯುವ ಮಷಿನ್ ಬಾಡಿಗೆ ಗಂಟೆಗೆ ಏರುತ್ತಿದೆ, ಮೋಡ ಕಟ್ಟಿದೆ, ಹಮಾಲರು ಕಾಯುತ್ತಿದ್ದಾರೆ. ಆ ಗಡಿಬಿಡಿಯಲ್ಲಿ ಕಿವಿಗೆ ಬಿದ್ದ ಅಂಕಿಯೇ ಅಂಕಿ.

ಬಡ್ಡಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. "ಬ್ಯಾಂಕಿನಾಗ ಏಳು ಬಡ್ಡಿರೀ, ಸಾವಕಾರ ಎರಡು ರೂಪಾಯಿಗೆ ಕೊಡ್ತಾನ" ಎಂಬ ಮಾತು ಕೇಳಿದ್ದೀರಿ. ಏಳಕ್ಕಿಂತ ಎರಡು ಕಡಿಮೆ ಎಂದು ಕಿವಿ ಹೇಳುತ್ತದೆ. ಬ್ಯಾಂಕಿನ ಏಳು ವರ್ಷಕ್ಕೆ, ಸಾವಕಾರನ ಎರಡು ತಿಂಗಳಿಗೆ. ನೂರಕ್ಕೆ ತಿಂಗಳಿಗೆ ಎರಡು ಎಂದರೆ ವರ್ಷಕ್ಕೆ 24. ಮೂರು ರೂಪಾಯಿ ಬಡ್ಡಿ ಎಂದರೆ 36. ಐವತ್ತು ಸಾವಿರ ರೂಪಾಯಿಯ ಗೊಬ್ಬರ, ಔಷಧವನ್ನು ಉದ್ರಿ ತಂದು ಆರು ತಿಂಗಳಿಗೆ ತೀರಿಸಿದರೆ ಎರಡು ರೂಪಾಯಿ ಬಡ್ಡಿಯಲ್ಲಿ ಆರು ಸಾವಿರ. ಅದೇ ಐವತ್ತು ಸಾವಿರಕ್ಕೆ ಏಳರ ಬಡ್ಡಿಯಲ್ಲಿ 1,750. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಮೂರು ಲಕ್ಷದವರೆಗಿನ ಸಾಲವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿ ನಾಲ್ಕಕ್ಕೆ ಇಳಿಯುತ್ತದೆ. ಸಹಕಾರ ಸಂಘಗಳಲ್ಲಿ ರಾಜ್ಯ ಸರ್ಕಾರ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 2023ರಲ್ಲಿ ಐದು ಲಕ್ಷಕ್ಕೆ ಏರಿಸಿದೆ.

ಹಾಗಾದರೆ ಉದ್ರಿ ತರುವವನು ದಡ್ಡನೇ? ಅಲ್ಲ. ಲೀಜಿಗೆ ಹೊಲ ಮಾಡುವವನ ಹೆಸರಿನಲ್ಲಿ ಪಹಣಿ ಇಲ್ಲ, ಪಹಣಿ ಇಲ್ಲದವನಿಗೆ ಬ್ಯಾಂಕಿನ ಬಾಗಿಲಿಲ್ಲ. ಅಂಗಡಿಯವನು ಸಂಜೆ ಏಳಕ್ಕೂ ಕೊಡುತ್ತಾನೆ, ಕಾಗದ ಕೇಳುವುದಿಲ್ಲ, ನಾಲ್ಕು ಮಂದಿಯೆದುರು ಕಾಯಿಸುವುದಿಲ್ಲ. ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸುವುದು ಅನ್ಯಾಯ. ಆದರೆ ಪಹಣಿಯೂ ಇದ್ದು, ಸಂಘದ ಸದಸ್ಯನೂ ಆಗಿದ್ದು ಎರಡು ರೂಪಾಯಿ ಬಡ್ಡಿಗೆ ಹೋಗುವವರೂ ಇದ್ದಾರಲ್ಲ, ಅಲ್ಲಿ ಕೆಲಸ ಮಾಡುವುದು ಆ 'ಎರಡು' ಎಂಬ ಸಣ್ಣ ಅಂಕಿ.

ಮನುಷ್ಯ ಕಿಲೋದಲ್ಲಿ ಯೋಚಿಸುವುದಿಲ್ಲ, ಚೀಲದಲ್ಲಿ ಯೋಚಿಸುತ್ತಾನೆ ಎಂಬುದು ಸರ್ಕಾರಕ್ಕೂ ಗೊತ್ತು. 2018ರಲ್ಲಿ ಕೇಂದ್ರ ಸರ್ಕಾರ 50 ಕೆಜಿಯ ಯೂರಿಯಾ ಚೀಲವನ್ನು 45 ಕೆಜಿಗೆ ಇಳಿಸಿತು. ರೈತ ಎಕರೆಗೆ ಇಷ್ಟು ಚೀಲ ಎಂದು ಹಾಕುತ್ತಾನೆ, ಚೀಲವೇ ಸಣ್ಣದಾದರೆ ಯೂರಿಯಾ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಆಜ್ಞೆಯಿಲ್ಲ, ದಂಡವಿಲ್ಲ, ಬರೀ ಚೀಲದ ಅಳತೆ ಬದಲು.

ಹೋದ ವರ್ಷದ ರೇಟು

ಸುಗ್ಗಿಯ ಹೊತ್ತಿಗೆ ರಸ್ತೆಯ ಮಗ್ಗುಲಲ್ಲಿ ಒಣಹಾಕಿದ ಭತ್ತದ ರಾಶಿಯ ಹತ್ತಿರ ನಡೆಯುವ ಮಾತು ಹೀಗಿರುತ್ತದೆ:

"ಹದಿನೈದುನೂರಕ್ಕ ಕೇಳಾಕತ್ತೀನಿ, ಹಾಕ್ತೀಯೇನು?"

"ಏನ್ರೀ ಸಾವಕಾರ್ರ, ಹೋದ ವರ್ಷ ಇದೇ ಮಾಲು ಎರಡು ಸಾವಿರದ ಹತ್ರ ಹೋಗಿತ್ತು. ಈಗ ಹದಿನೈದುನೂರಂದ್ರ ಹೆಂಗ?"

"ಹೋದ ವರ್ಷದ್ದು ಹೋದ ವರ್ಷಕ್ಕ ಹೋತಪಾ."

"ಹಂಗಾರ ಇರ್ಲಿ ಬಿಡ್ರಿ, ಸಂಕ್ರಾಂತಿ ದಾಟಲಿ, ನೋಡಮು."

ಇಲ್ಲಿ ರೈತ ಹದಿನೈದುನೂರನ್ನು ತನ್ನ ಖರ್ಚಿನ ಜೊತೆ ಹೋಲಿಸುತ್ತಿಲ್ಲ, ಹೋದ ವರ್ಷದ ರೇಟಿನ ಜೊತೆ ಹೋಲಿಸುತ್ತಿದ್ದಾನೆ. ಆ ರೇಟು ಅವನ ಮನಸ್ಸಿನಲ್ಲಿ ಗೂಟವಾಗಿ ನಿಂತಿದೆ. ಅದಕ್ಕಿಂತ ಕೆಳಗಿನದೆಲ್ಲ ನಷ್ಟವಾಗಿ ಕಾಣುತ್ತದೆ, ಖರ್ಚು ಕಳೆದು ಕೈಯಲ್ಲಿ ನಾಲ್ಕು ಕಾಸು ಉಳಿಯುವಂತಿದ್ದರೂ ಸಹ. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಸುಖಕ್ಕಿಂತ ಸುಮಾರು ಎರಡರಷ್ಟು ಎಂಬುದು ಕಾನೆಮನ್ ಮತ್ತು ಟ್ವೆರ್ಸ್ಕಿಯವರ ಅಂದಾಜು. ನೂರು ರೂಪಾಯಿ ಬಿದ್ದು ಹೋದ ದಿನದ ಬೇಸರವನ್ನು ನೂರು ರೂಪಾಯಿ ಸಿಕ್ಕ ದಿನದ ಖುಷಿ ತೀರಿಸುವುದಿಲ್ಲ. ಆ ನೋವು ತಪ್ಪಿಸಿಕೊಳ್ಳಲು ರೈತ ಮಾರುವುದನ್ನೇ ಮುಂದಕ್ಕೆ ಹಾಕುತ್ತಾನೆ. ಷೇರು ಪೇಟೆಯಲ್ಲಿಯೂ ಹೀಗೆಯೇ. ಏರಿದ ಷೇರನ್ನು ಬೇಗ ಮಾರಿ, ಬಿದ್ದ ಷೇರನ್ನು ಅಪ್ಪಿಕೊಂಡು ಕೂರುವ ಗುಣವನ್ನು ಹರ್ಷ್ ಶೆಫ್ರಿನ್ ಮತ್ತು ಮೇಯರ್ ಸ್ಟಾಟ್‌ಮನ್ ಎಂಬ ಸಂಶೋಧಕರು 1985ರಲ್ಲೇ ಗುರುತಿಸಿದ್ದರು.

ಕಾಯುವುದು ತಪ್ಪಲ್ಲ. ಕಾಯುವುದಕ್ಕೆ ಬೆಲೆಯಿದೆ ಎಂಬುದನ್ನು ಮರೆಯಬಾರದು. ಲೆಕ್ಕಕ್ಕೆಂದು ಹೇಳುತ್ತೇನೆ: ಇನ್ನೂರು ಚೀಲ, ಚೀಲಕ್ಕೆ 1,500, ಒಟ್ಟು ಮೂರು ಲಕ್ಷ. ಈ ದುಡ್ಡು ಬಂದಿದ್ದರೆ ತೀರುತ್ತಿದ್ದ ಸಾಲ ಎರಡು ರೂಪಾಯಿ ಬಡ್ಡಿಯದ್ದಾದರೆ ಮೂರು ತಿಂಗಳಿಗೆ ಬಡ್ಡಿ 18,000, ಚೀಲಕ್ಕೆ 90 ರೂಪಾಯಿ. ಒಣಗಿ ತೂಕ ನೂರಕ್ಕೆ ಎರಡು ಇಳಿದರೆ ಮತ್ತೆ 30. ರೇಟು ಸುಮಾರು 1,620 ದಾಟಿದರೆ ಮಾತ್ರ ಕಾದದ್ದಕ್ಕೆ ಲಾಭ. ಈ 1,620 ಎಂಬ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡು ಕಾಯುವವನು ವ್ಯಾಪಾರಸ್ಥ. ಹೋದ ವರ್ಷದ ಎರಡು ಸಾವಿರವನ್ನು ಎದೆಯಲ್ಲಿಟ್ಟುಕೊಂಡು ಕಾಯುವವನು ತನ್ನ ಬೇಸರಕ್ಕೆ ಬಡ್ಡಿ ಕಟ್ಟುತ್ತಿದ್ದಾನೆ.

ನಷ್ಟದ ಇನ್ನೊಂದು ಮುಖ ಇದಕ್ಕಿಂತ ಅಪಾಯದ್ದು. ಮನುಷ್ಯ ಲಾಭದಲ್ಲಿರುವಾಗ ಹುಷಾರಾಗಿರುತ್ತಾನೆ, ನಷ್ಟದಲ್ಲಿರುವಾಗ ಮೊಂಡಧೈರ್ಯಕ್ಕೆ ಬೀಳುತ್ತಾನೆ. ಒಂದು ಬೆಳೆ ಕೈಕೊಟ್ಟ ವರ್ಷ ಇನ್ನೂ ಐದೆಕರೆ ಲೀಜಿಗೆ ಹಿಡಿಯುವವರನ್ನು ನೋಡಿದ್ದೇವೆ. "ಹೋದಲ್ಲೇ ತಗೀಬೇಕು" ಎಂಬುದು ಅವರ ಮಾತು. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳಲ್ಲಿ, ಕ್ರಿಕೆಟ್ ಬೆಟ್ಟಿಂಗಿನಲ್ಲಿ ನಮ್ಮ ಹುಡುಗರು ಹಾಳಾದದ್ದೂ ಇದೇ ಮಾತಿನಿಂದ. ಮೊದಲ ಸಾವಿರ ಆಸೆಗೆ ಹೋಗುತ್ತದೆ, ಆಮೇಲಿನ ಲಕ್ಷ ಆ ಸಾವಿರವನ್ನು ವಾಪಸು ತರಲು ಹೋಗುತ್ತದೆ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಕಾಯ್ದೆ ಆಟವನ್ನು ನಿಲ್ಲಿಸಬಹುದು. ಹೋದಲ್ಲೇ ತೆಗೆಯುವ ಹಟವನ್ನು ಮನೆಯವರೇ ನಿಲ್ಲಿಸಬೇಕು.

ಪಕ್ಕದ ಹೊಲದವನು

ಪಕ್ಕದ ಹೊಲದಲ್ಲಿ ಔಷಧ ಹೊಡೆಯುವ ಪಂಪಿನ ಸದ್ದು ಕೇಳಿದರೆ ನಮ್ಮ ಕಾಲು ಅಂಗಡಿಯ ಕಡೆ ತಿರುಗುತ್ತದೆ. ಹುಳ ಎಷ್ಟಿದೆ ಎಂದು ಬುಡ ಬಗ್ಗಿಸಿ ನೋಡುವ ಮೊದಲೇ ಡಬ್ಬಿ ಬಂದಿರುತ್ತದೆ. ಯಾಕೆ? ಹೊಡೆದೂ ಬೆಳೆ ಹೋದರೆ "ನನ್ನ ಕೈಲಾದ್ದು ಮಾಡಿದೆ" ಎನ್ನಬಹುದು. ಹೊಡೆಯದೇ ಹೋದರೆ ಮನೆಯವರೂ ಊರವರೂ ಕೇಳುವ ಪ್ರಶ್ನೆಗೆ ಉತ್ತರವಿಲ್ಲ. ಎರಡು ಸಾವಿರದ ಔಷಧ ಕೊಳ್ಳುವಾಗ ಆತ ಹುಳಕ್ಕೆ ಔಷಧ ಕೊಳ್ಳುವುದರ ಜೊತೆಗೆ ಮುಂದಿನ ಪಶ್ಚಾತ್ತಾಪಕ್ಕೂ ಔಷಧ ಕೊಳ್ಳುತ್ತಾನೆ. ಕಂದು ಜಿಗಿಹುಳುವಿನ ವಿಷಯದಲ್ಲಿ ಇದು ಉಲ್ಟಾ ಹೊಡೆಯುತ್ತದೆ ಎಂಬುದು ಇಲ್ಲಿರುವ ಕೃಷಿ ವಿಜ್ಞಾನಿಗಳಿಗೆ ಗೊತ್ತು. ಬೇಕಾಬಿಟ್ಟಿ ಹೊಡೆದಾಗ ಆ ಹುಳವನ್ನು ತಿನ್ನುವ ಜೇಡ, ತಿಗಣೆಗಳು ಮೊದಲು ಸಾಯುತ್ತವೆ, ಜಿಗಿಹುಳು ಮರಳಿ ಹೆಚ್ಚುತ್ತದೆ.

ಯೂರಿಯಾ ಕೂಡ ಕಣ್ಣಿನ ವ್ಯಾಪಾರ. 45 ಕೆಜಿ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಹಾಕಿದ ಕೆಲವೇ ದಿನಕ್ಕೆ ಗದ್ದೆ ಕಪ್ಪು ಹಸಿರಾಗುತ್ತದೆ. ಪೊಟ್ಯಾಷ್ ಹಾಕಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಬೇಗ ಕಾಣುವ ಫಲಕ್ಕೆ ಮನಸ್ಸು ಹೆಚ್ಚು ಬೆಲೆ ಕೊಡುತ್ತದೆ, ತಡವಾಗಿ ಬರುವ ಫಲವನ್ನು ಹಗುರಾಗಿ ತೂಗುತ್ತದೆ.

ಆದರೆ ಪಕ್ಕದವನನ್ನು ನೋಡಿ ನಡೆಯುವುದೆಲ್ಲ ಕುರಿಮಂದೆಯ ಗುಣವೆಂದು ತಿಳಿಯಬಾರದು. ತುಂಗಭದ್ರಾ ಎಡದಂಡೆ ಕಾಲುವೆಯ ಯೋಜನೆಯಲ್ಲಿ ಇಲ್ಲಿನ ಬಹುಪಾಲು ಭೂಮಿಗೆ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. 1953ರಲ್ಲಿ ನೀರು ಬಂತು, ಕರಾವಳಿ ಆಂಧ್ರದಿಂದ ಬಂದವರು ಕ್ಯಾಂಪು ಕಟ್ಟಿದರು, ಭತ್ತ ಬೆಳೆದು ತೋರಿಸಿದರು. ಮೇಲಿನ ಹೊಲದವನು ಭತ್ತ ಹಚ್ಚಿದ ಮೇಲೆ ಅವನ ಬಸಿನೀರು ಕೆಳಗಿನ ಹೊಲದ ಹತ್ತಿಯ ಬೇರು ಕೊಳೆಸುತ್ತದೆ. ಆಗ ಕೆಳಗಿನವನಿಗೂ ಭತ್ತವೇ ಗತಿ. ಒಬ್ಬೊಬ್ಬನ ತೀರ್ಮಾನವೂ ಸರಿ, ಎಲ್ಲರ ತೀರ್ಮಾನ ಸೇರಿದರೆ ಮಾನ್ವಿ, ರಾಯಚೂರು ಕಡೆಯ ಕೊನೇ ಭಾಗದ ರೈತನಿಗೆ ನೀರಿಲ್ಲ. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಇದೇ ಎಡದಂಡೆ ಕಾಲುವೆಯ ಮೇಲೆ ಕೂತು ನೀರು ಹಂಚಿಕೆಯ ರಾಜಕೀಯವನ್ನು ಒಂದು ಪುಸ್ತಕವನ್ನಾಗಿಯೇ ಬರೆದಿದ್ದಾರೆ. ಕಾಲುವೆ ನೀರಿನ ಕರ ಎಕರೆಗೆ ಮತ್ತು ಬೆಳೆಗೆ ಕಟ್ಟುವುದೇ ಹೊರತು ಬಳಸಿದ ನೀರಿಗಲ್ಲ. ಆದ್ದರಿಂದ ನೀರು ಉಳಿಸಿದವನಿಗೆ ಉಳಿತಾಯದ ಒಂದು ರೂಪಾಯಿಯೂ ಕಾಣುವುದಿಲ್ಲ. ಹಂಚಬೇಕಾದ ನೀರೂ ಕಡಿಮೆಯಾಗುತ್ತಿದೆ: 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಡೀ ನಾಡು ನಿದ್ದೆಗೆಟ್ಟಿತು. ಒಂದು ಗೇಟು ಹೋದದ್ದು ಕಣ್ಣಿಗೆ ಕಂಡಿತು. ವರ್ಷ ವರ್ಷ ತುಂಬಿದ ಹೂಳು ಕಾಣಲಿಲ್ಲ, ಅದಕ್ಕೆ ಯಾರೂ ನಿದ್ದೆಗೆಡಲಿಲ್ಲ.

ಬಿತ್ತನೆ ಹೊತ್ತಿನ ತಲೆ

ಈಗ ಇವತ್ತಿನ ಮಾತಿನ ತಿರುಳಿಗೆ ಬರುತ್ತೇನೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ಚಿಂತೆ ಇದ್ದವನಿಗೆ ಏನಾಗುತ್ತದೆ ಎಂದು ಅಳೆದು ನೋಡಿದವರಿದ್ದಾರೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್, ಜಿಯಾಯಿಂಗ್ ಝಾವೊ ಎಂಬ ಸಂಶೋಧಕರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಬುದ್ಧಿಯ ಪರೀಕ್ಷೆ ಕೊಟ್ಟರು. ಕಟಾವಿಗೆ ಮೊದಲು ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ. ಅದೇ ರೈತ, ಅದೇ ತಲೆ. ದುಡ್ಡು ಬಂದ ಮೇಲೆ ಹೆಚ್ಚು ಚೆನ್ನಾಗಿ ಉತ್ತರಿಸಿದ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಈ ಅಧ್ಯಯನದ ಪ್ರಕಾರ ಕೈ ಬರಿದಾದಾಗಿನ ಚಿಂತೆ ತಲೆಯನ್ನು ಒಂದಿಡೀ ರಾತ್ರಿ ನಿದ್ದೆಗೆಟ್ಟಷ್ಟು ಮಂಕಾಗಿಸಬಲ್ಲದು. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮುಂದೆ ಇಂಥದೇ ಪರೀಕ್ಷೆ ಮಾಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ತಿಂಗಳ ಸಂಬಳದವನ ಕೊರತೆ ಒಂದು ವಾರದ್ದು, ನಮ್ಮ ರೈತನ ಕೊರತೆ ನಾಲ್ಕು ತಿಂಗಳದ್ದು. ನನಗೆ ಆ ವ್ಯತ್ಯಾಸ ದೊಡ್ಡದೆನಿಸುತ್ತದೆ.

ನಮ್ಮ ಕ್ಯಾಲೆಂಡರ್ ನೋಡಿ. ಕಾಲುವೆಗೆ ನೀರು ಬಿಡುವುದು ಜುಲೈ ಸುಮಾರಿಗೆ. ಆಗಲೇ ಬೀಜ, ಗೊಬ್ಬರ, ನಾಟಿ ಕೂಲಿ, ಲೀಜಿನ ಮುಂಗಡ, ಮಕ್ಕಳ ಫೀಜು, ಸಾಲದ ನವೀಕರಣ ಎಲ್ಲ ಒಟ್ಟಿಗೆ. ವರ್ಷದ ಅತಿ ದೊಡ್ಡ ತೀರ್ಮಾನಗಳನ್ನು ವರ್ಷದ ಅತಿ ಬರಿಗೈ ಹೊತ್ತಿನಲ್ಲಿ ಮಾಡುತ್ತೇವೆ. ನವೆಂಬರ್, ಡಿಸೆಂಬರಿನಲ್ಲಿ ಕೈಯಲ್ಲಿ ದುಡ್ಡು, ತಲೆಯಲ್ಲಿ ನಿರಾಳ. ಆಗ ಅಷ್ಟು ದೊಡ್ಡ ತೀರ್ಮಾನಗಳು ಎದುರಿಗಿಲ್ಲ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ, ಆಮೇಲೆ ಮದುವೆ, ಹೊಸ ಬೈಕು, ಮನೆಗೆ ಬಣ್ಣ. ಮಾಡಬಾರದೆಂದಲ್ಲ. ವರ್ಷವಿಡೀ ದುಡಿದವರಿಗೆ ಜಾತ್ರೆ ಬೇಕು. ಆದರೆ ಮುಂದಿನ ಬಿತ್ತನೆಗೆಂದು ಹಂಚಿಕೆ ಹಾಕುವ ಹೊತ್ತೂ ಅದೇ.

ಪಶ್ಚಿಮ ಕೀನ್ಯಾದ ಮೆಕ್ಕೆಜೋಳದ ರೈತರಲ್ಲೂ ಇದೇ ಸಮಸ್ಯೆ ಇತ್ತು. ಗೊಬ್ಬರ ಹಾಕಬೇಕೆಂಬ ಮನಸ್ಸಿದೆ, ಹಾಕುವ ಹೊತ್ತಿಗೆ ದುಡ್ಡು ಕರಗಿದೆ. ಎಸ್ತರ್ ಡುಫ್ಲೊ, ಮೈಕಲ್ ಕ್ರೆಮರ್, ಜೊನಾಥನ್ ರಾಬಿನ್‌ಸನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಉಪಾಯ ಮಾಡಿದರು. ಸುಗ್ಗಿ ಮುಗಿದ ಕೂಡಲೇ ಮನೆಬಾಗಿಲಿಗೆ ಹೋಗಿ, ಈಗಲೇ ದುಡ್ಡು ಕೊಟ್ಟರೆ ಬೇಕಾದಾಗ ಗೊಬ್ಬರವನ್ನು ಪುಕ್ಕಟೆ ತಂದು ಮುಟ್ಟಿಸುತ್ತೇವೆ ಎಂದರು. ಆ ಸಣ್ಣ ಸವಲತ್ತು ಮಾಡಿದ ಕೆಲಸ, ಹಾಕುವ ಹೊತ್ತಿನಲ್ಲಿ ಗೊಬ್ಬರದ ಬೆಲೆಯನ್ನು ಅರ್ಧಕ್ಕೆ ಇಳಿಸಿದಷ್ಟೇ ದೊಡ್ಡದಾಗಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನವಿದು. ಮುಂದೆ 2019ರಲ್ಲಿ ಡುಫ್ಲೊ ಮತ್ತು ಕ್ರೆಮರ್ ಅವರಿಗೆ ಅಭಿಜಿತ್ ಬ್ಯಾನರ್ಜಿ ಅವರೊಂದಿಗೆ ನೊಬೆಲ್ ಬಂತು. ನಾನು ಇದರಿಂದ ತೆಗೆದುಕೊಳ್ಳುವ ಪಾಠ ಇಷ್ಟೇ: ರೈತನಿಗೆ ಬೇಕಾದದ್ದು ಹೆಚ್ಚು ಬುದ್ಧಿಯಲ್ಲ, ಸರಿಯಾದ ಹೊತ್ತಿನಲ್ಲಿ ಒಂದು ತೀರ್ಮಾನ.

ದುಡ್ಡಿಗೊಂದು ಹೆಸರು

ರೂಪಾಯಿಗೆ ಬಣ್ಣವಿಲ್ಲ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಮನೆಯಲ್ಲಿ ಹಾಗಿಲ್ಲ. ಎಮ್ಮೆಯ ಹಾಲಿನ ದುಡ್ಡು ಬೇರೆ, ಭತ್ತದ ದುಡ್ಡು ಬೇರೆ, ಮಗಳ ಮದುವೆಗೆಂದು ತೆಗೆದಿಟ್ಟದ್ದು ಬೇರೆ. ಥೇಲರ್ ಇದನ್ನು ಮನಸ್ಸಿನೊಳಗಿನ ಖಾತೆಗಳು ಎಂದು ಕರೆದರು. ನಮ್ಮ ತಾಯಂದಿರ ಸಾಸಿವೆ ಡಬ್ಬಿ ಅಂಥ ಒಂದು ಖಾತೆ. 2016ರ ನವೆಂಬರ್ 8ರ ನೋಟು ರದ್ದತಿಯ ಮರುದಿನ ಎಷ್ಟು ಡಬ್ಬಿಗಳು ಬಾಯಿ ತೆರೆದವು ಎಂಬುದನ್ನು ಗಂಡಸರು ಇನ್ನೂ ಮರೆತಿಲ್ಲ.

ಈ ಖಾತೆಗಳಿಂದ ನಷ್ಟವೂ ಇದೆ. ಮನೆಯಲ್ಲಿ ಬಂಗಾರ ಇಟ್ಟುಕೊಂಡು ಮೂರು ರೂಪಾಯಿ ಬಡ್ಡಿಗೆ ಸಾಲ ತರುತ್ತೇವೆ. ಬಂಗಾರ ಮಾರಿದರೆ ಮನೆತನದ ಮರ್ಯಾದೆ ಹೋಯಿತೆಂಬ ಭಾವನೆ. ಹಟ್ಟಿಯ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲೂಕಿನವರಿಗೆ ಇದನ್ನು ನಾನು ಹೇಳಬೇಕಿಲ್ಲ. ನೆಲದಿಂದ ತೆಗೆದ ಚಿನ್ನ ಟ್ರಂಕಿಗೆ ಹೋದ ಮೇಲೆ ಮತ್ತೆ ಹೊರಬರುವುದು ಕಷ್ಟ.

ಆದರೆ ಲಾಭ ಹೆಚ್ಚು. ಹೆಸರಿಟ್ಟ ದುಡ್ಡು ಸುಲಭಕ್ಕೆ ಕರಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ರೂಪಾಯಿ ಯಜಮಾನಿಯ ಖಾತೆಗೆ ಬರುತ್ತದೆ. ಅದು ಮನೆಯ ಯಜಮಾನಿಯದು ಎಂಬ ಹೆಸರೇ ಅದಕ್ಕೆ ಬೇಲಿ. ಮಹಿಳಾ ಸ್ವಸಹಾಯ ಸಂಘಗಳ ಗುಟ್ಟೂ ಅದೇ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಮಾದರಿಯನ್ನು ನಬಾರ್ಡ್ 1992ರಲ್ಲಿ ಬ್ಯಾಂಕುಗಳ ಜೊತೆ ಜೋಡಿಸಿತು. ವಾರಕ್ಕೊಮ್ಮೆ ಎಲ್ಲರೆದುರು ಕಟ್ಟುವ ಹತ್ತು ಇಪ್ಪತ್ತು ರೂಪಾಯಿಯನ್ನು ಮನೆಯಲ್ಲಿಯೂ ಉಳಿಸಬಹುದಿತ್ತು, ಉಳಿಯುತ್ತಿರಲಿಲ್ಲ. ನಾಲ್ಕು ಮಂದಿ ನೋಡುತ್ತಾರೆಂಬ ನಾಚಿಕೆ ಇಲ್ಲಿ ಉಳಿತಾಯವಾಯಿತು. ಅದೇ ನಾಚಿಕೆ ಮದುವೆಯಲ್ಲಿ ಸಾಲವಾಗುತ್ತದೆ. ಒಬ್ಬನೇ ಸರಳ ಮದುವೆ ಮಾಡಿದರೆ ಕೈಲಾಗದವನು ಎನ್ನುತ್ತಾರೆ, ನೂರು ಜೋಡಿಯ ನಡುವೆ ಮಾಡಿದರೆ ಪುಣ್ಯವಂತ ಎನ್ನುತ್ತಾರೆ. 1972ರಿಂದ ಧರ್ಮಸ್ಥಳದಲ್ಲೂ, ನಮ್ಮ ಕಡೆಯ ಮಠ, ಜಾತ್ರೆಗಳಲ್ಲೂ ನಡೆಯುವ ಸಾಮೂಹಿಕ ವಿವಾಹ ಈ ಮನಸ್ಸನ್ನು ಅರ್ಥಮಾಡಿಕೊಂಡ ವ್ಯವಸ್ಥೆ.

ಇವತ್ತಿನ ದತ್ತಿಯೂ ಅಂಥದ್ದೇ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಮಾತ್ರ ಉಪನ್ಯಾಸ. ದತ್ತಿ ಇಟ್ಟ ಹಿರಿಯರು ಮುಂದಿನವರ ಒಳ್ಳೆಯತನವನ್ನು ನಂಬಿದರು, ಆದರೆ ಅವರ ಕೈಯನ್ನು ನಂಬಲಿಲ್ಲ. ಇದು ಅಪನಂಬಿಕೆಯಲ್ಲ, ಮನುಷ್ಯರನ್ನು ಬಲ್ಲವರ ವಿವೇಕ.

ವಿಮೆ ಮತ್ತು ನಂಬಿಕೆ

ಕೃಷ್ಣೆಯ ಆಚೆ ದಂಡೆಯ ಮಹಬೂಬ್‌ನಗರದಲ್ಲಿ ಮತ್ತು ಅನಂತಪುರದಲ್ಲಿ 2003ರ ಸುಮಾರಿಗೆ ಮಳೆ ವಿಮೆಯ ಮಾರಾಟ ಶುರುವಾಯಿತು. ಹೆದರುವವನೇ ವಿಮೆ ಕೊಳ್ಳುತ್ತಾನೆ ಎಂಬುದು ಪುಸ್ತಕದ ಮಾತು. ಹಾವಿಯರ್ ಜಿನೆ, ರಾಬರ್ಟ್ ಟೌನ್‌ಸೆಂಡ್, ಜೇಮ್ಸ್ ವಿಕರಿ ಎಂಬ ಸಂಶೋಧಕರು ನೋಡಿದಾಗ ಆಗಿದ್ದು ಉಲ್ಟಾ: ಹೆಚ್ಚು ಹೆದರುವವರೇ ಕಡಿಮೆ ಕೊಂಡಿದ್ದರು. ವಿಮೆ ಮಾರಿದ ಸಂಸ್ಥೆಯನ್ನು ಮೊದಲೇ ಬಲ್ಲವರು ಕೊಂಡಿದ್ದರು. ಅಂದರೆ ರೈತನ ಕಣ್ಣಿಗೆ ವಿಮೆಯೇ ಇನ್ನೊಂದು ಜೂಜಾಗಿ ಕಂಡಿತ್ತು. ಕಟ್ಟಿದ್ದು ಖಂಡಿತ ಹೋಗುತ್ತದೆ, ಬರುವುದು ಗೊತ್ತಿಲ್ಲ.

ನಮ್ಮ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು. ಆಹಾರ ಬೆಳೆಗೆ ರೈತ ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ನೂರಕ್ಕೆ ಎರಡು, ಹಿಂಗಾರಿಗೆ ಒಂದೂವರೆ. 2020ರಿಂದ ಸಾಲ ಪಡೆದವರಿಗೂ ಅದು ಐಚ್ಛಿಕ. ಆದರೆ ಬೇಡ ಎನ್ನುವವನು ಗಡುವಿಗೆ ಏಳು ದಿನ ಮೊದಲು ಬರೆದುಕೊಡಬೇಕು. ಸಾಲ ಪಡೆದವನು ಏನೂ ಮಾಡದಿದ್ದರೆ ವಿಮೆಯ ಒಳಗೆ, ಸಾಲ ಪಡೆಯದವನು ಏನೂ ಮಾಡದಿದ್ದರೆ ಹೊರಗೆ. ಮನುಷ್ಯನ ಸೋಮಾರಿತನವನ್ನು ಎತ್ತ ನಿಲ್ಲಿಸುತ್ತೇವೆ ಎಂಬುದರ ಮೇಲೆ ಎಷ್ಟೋ ಮನೆಗಳ ಭವಿಷ್ಯ ನಿಂತಿದೆ. ಲೀಜಿನ ರೈತರಲ್ಲಿ ಹೆಚ್ಚಿನವರು ಇಲ್ಲಿಯೂ ಹೊರಗೇ ಉಳಿಯುತ್ತಾರೆ.

ನಾಲ್ಕು ಕೆಲಸ

ಮನುಷ್ಯ ದುಡ್ಡಿನ ವಿಷಯದಲ್ಲಿ ಹೇಗೆ ಯೋಚಿಸುತ್ತಾನೆ ಎಂಬ ಈ ವಿದ್ಯೆ ನಮಗಿಂತ ಮೊದಲು ಮಾರುವವರಿಗೆ ಗೊತ್ತಾಗಿದೆ. 'ಇಂದೇ ಕೊನೆಯ ದಿನ' ಎಂಬ ಫಲಕ, 'ಈಗ ಕೊಂಡು ಆಮೇಲೆ ಕಟ್ಟಿ' ಎಂಬ ಕಂತು, ಬೆರಳು ಮುಟ್ಟಿದರೆ ಸಾಲ ಕೊಡುವ ಮೊಬೈಲ್ ಆಪು ಎಲ್ಲವೂ ನಮ್ಮ ಮನಸ್ಸನ್ನು ಓದಿಯೇ ಮಾಡಿದ್ದು. ಕಿರುಸಾಲದ ವಸೂಲಿ ಕಿರುಕುಳ ಮಿತಿಮೀರಿ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದ್ದರಿಂದ ನಮ್ಮ ಕಡೆಯಿಂದಲೂ ನಾಲ್ಕು ಕೆಲಸ ಆಗಬೇಕು. ಯಾವುದಕ್ಕೂ ದೊಡ್ಡ ಖರ್ಚಿಲ್ಲ.

ಒಂದು, ಎಪಿಎಂಸಿ ಮತ್ತು ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಬೆಂಬಲ ಬೆಲೆಯನ್ನು ಕ್ವಿಂಟಲ್ ಜೊತೆಗೆ 75 ಕೆಜಿ ಚೀಲದ ಲೆಕ್ಕದಲ್ಲೂ ಬರೆಯಲಿ. ಸಾಲ ಕೊಡುವವರು ಯಾರೇ ಆಗಲಿ, ಬಡ್ಡಿಯನ್ನು ವರ್ಷಕ್ಕೆ ನೂರಕ್ಕೆ ಎಷ್ಟು ಎಂದು ಒಂದೇ ಅಳತೆಯಲ್ಲಿ ಹೇಳಲಿ.

ಎರಡು, ಸಹಕಾರ ಸಂಘಗಳು ಮುಂದಿನ ಹಂಗಾಮಿನ ಗೊಬ್ಬರದ ಮುಂಗಡವನ್ನು ಡಿಸೆಂಬರಿನಲ್ಲಿ, ಭತ್ತದ ದುಡ್ಡು ಕೈಸೇರಿದ ವಾರದಲ್ಲೇ ಕಟ್ಟಿಸಿಕೊಂಡು ಜೂನಿನಲ್ಲಿ ಮನೆಗೆ ಮುಟ್ಟಿಸಲಿ. ಕೀನ್ಯಾದಲ್ಲಿ ಆದದ್ದು ಸಿಂಧನೂರಿನಲ್ಲಿ ಯಾಕಾಗಬಾರದು?

ಮೂರು, ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದವರು ಔಷಧದ ಶಿಫಾರಸಿನ ಜೊತೆಗೆ 'ಈ ವಾರ ಹೊಡೆಯಬೇಡಿ' ಎಂಬ ಮಾತನ್ನೂ ಅಷ್ಟೇ ಗಟ್ಟಿಯಾಗಿ ಊರೂರಿಗೆ ಕಳಿಸಲಿ. ಹೊಡೆಯದೇ ಇರುವವನಿಗೆ ವಿಜ್ಞಾನಿಯ ಮಾತಿನ ಬೆಂಬಲ ಇದ್ದರೆ ಪಶ್ಚಾತ್ತಾಪದ ಭಯ ಅರ್ಧ ಕಡಿಮೆಯಾಗುತ್ತದೆ.

ನಾಲ್ಕು, ವಿಮೆಯ ಪರಿಹಾರ ಯಾವ ಪಂಚಾಯಿತಿಗೆ ಎಷ್ಟು ಬಂತು, ಬರದಿದ್ದರೆ ಯಾಕೆ ಬರಲಿಲ್ಲ ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಕಂತು ಕಟ್ಟಿಸಿಕೊಳ್ಳುವ ಜಾಹೀರಾತಿಗಿಂತ ಇದು ಹೆಚ್ಚು ನಂಬಿಕೆ ತರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಊರಿನ ಜನರ ದುಡ್ಡಿನ ತೀರ್ಮಾನ ನೋಡಿ ನಗುವುದು ಸುಲಭ. ನಗುವ ಮೊದಲು ಆ ತೀರ್ಮಾನ ಯಾವ ತಿಂಗಳಲ್ಲಿ ಆಯಿತು, ಕೈಯಲ್ಲಿ ಎಷ್ಟಿತ್ತು, ಎದುರಿಗೆ ಯಾರು ನಿಂತಿದ್ದರು ಎಂದು ಕೇಳಿ. ರೈತ ಬಂಧುಗಳಲ್ಲಿ ನನ್ನ ವಿನಂತಿ ಒಂದೇ: ಈ ಸುಗ್ಗಿಯ ದುಡ್ಡು ಮನೆಗೆ ಬಂದ ದಿನ, ಜಾತ್ರೆಗೂ ಮದುವೆಗೂ ಹಂಚುವ ಮೊದಲು, ಗಂಡ ಹೆಂಡತಿ ಇಬ್ಬರೂ ಕೂತು ಮುಂದಿನ ಬಿತ್ತನೆಯ ಪಾಲನ್ನು ಬೇರೆ ಖಾತೆಗೆ ಹಾಕಿ, ಅದಕ್ಕೊಂದು ಹೆಸರಿಡಿ. ಜೂನಿನಲ್ಲಿ ಆ ದುಡ್ಡು ಇದ್ದರೆ ಎರಡು ರೂಪಾಯಿ ಬಡ್ಡಿಯವನ ಬಾಗಿಲಿಗೆ ಹೋಗುವ ಪ್ರಸಂಗ ಬರುವುದಿಲ್ಲ.